ಪಿ-ಎಚ್ ಜೋಡಿಯ ಉದ್ದುದ್ದ ಪದಗಳು

ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ವಿಜ್ಞಾನ ಓದಿ ಒಳ್ಳೆಯ ಅಂಕ ತೆಗೆದ ಎಷ್ಟೋ ಮಕ್ಕಳು ಪಿಯುಸಿ ಸೇರಿದ ಮೊದಲ ತಿಂಗಳಲ್ಲೇ ಕಂಗಾಲಾಗುತ್ತಾರೆ. ದ್ಯುತಿಸಂಶ್ಲೇಷಣೆ ಚೆನ್ನಾಗಿ ಗೊತ್ತಿರುವ ಹುಡುಗಿ, ಅದೇ ಕ್ರಿಯೆಗೆ ಇಂಗ್ಲಿಷಿನಲ್ಲಿರುವ 14 ಅಕ್ಷರಗಳ ‘ಫೋಟೋಸಿಂಥೆಸಿಸ್’ ಎಂಬ ಹೆಸರು ಕಂಡೊಡನೆ ತನಗೆ ವಿಜ್ಞಾನವೇ ಒಗ್ಗದು ಎಂದುಕೊಳ್ಳುತ್ತಾಳೆ. ‘ಆರ್ಟ್ಸ್‌ಗೆ ಬದಲಾಯಿಸಿಬಿಡೋಣವೇ ಮೇಷ್ಟ್ರೇ?’ ಎಂದು ತಂದೆ ಬಂದು ಕೇಳುತ್ತಾರೆ. ಆರ್ಟ್ಸ್ ಕೀಳೇನಲ್ಲ. ಆದರೆ ಒಂದು ಪದಕ್ಕೆ ಹೆದರಿ ದಾರಿ ಬದಲಿಸುವುದು ಸರಿಯಲ್ಲ.

ಈ ವಾರ ಪಿ ಮತ್ತು ಎಚ್ ಅಕ್ಷರಗಳು ಅಕ್ಕಪಕ್ಕ ಕುಳಿತಿರುವ ಪದಗಳನ್ನು ನೋಡೋಣ. ಕಾಗುಣಿತದಲ್ಲಿ ಹೆಚ್ಚು ತಪ್ಪುವುದು ಇಲ್ಲಿಯೇ. ಉಚ್ಚಾರ ಎಫ್‌ನಂತೆ ಇರುವುದರಿಂದ ಮಕ್ಕಳು ಎಫ್ ಎಂದೇ ಬರೆದುಬಿಡುತ್ತಾರೆ.

ಈ ಜೋಡಿ ಹುಟ್ಟಿದ್ದು ಹೇಗೆ? ಗ್ರೀಕ್ ಭಾಷೆಯಲ್ಲಿ ‘ಫೈ’ ಎಂಬ ಒಂದೇ ಅಕ್ಷರವಿದೆ. ಪ್ರಾಚೀನ ಕಾಲದಲ್ಲಿ ಅದರ ಉಚ್ಚಾರ ನಮ್ಮ ‘ಫಲ’ ಪದದ ಮಹಾಪ್ರಾಣದಂತೆಯೇ ಇತ್ತು. ರೋಮನ್ನರ ಬಳಿ ಅದಕ್ಕೆ ಅಕ್ಷರವಿರಲಿಲ್ಲ. ಪಿ ಬರೆದು ಪಕ್ಕದಲ್ಲಿ ಎಚ್ ಇಟ್ಟರು. ಮುಂದೆ ಗ್ರೀಕರ ಉಚ್ಚಾರ ಎಫ್ ಕಡೆಗೆ ಜಾರಿತು, ಬರವಣಿಗೆ ಹಾಗೆಯೇ ಉಳಿಯಿತು. ನಮ್ಮ ‘ಫ’ ಅಕ್ಷರದ ಕಥೆಯೂ ಇದೇ ಅಲ್ಲವೇ? ‘ಫಲ’ಕ್ಕೂ ‘ಫ್ಯಾನ್’ಗೂ ಇಂದು ಒಂದೇ ಅಕ್ಷರ ಬಳಸುತ್ತೇವೆ. ನಮ್ಮ ಕಡೆಯ ಹಳ್ಳಿಯ ಮಕ್ಕಳು ‘ಪೋಟೊ’, ‘ಪೋನು’ ಎಂದರೆ ಪಟ್ಟಣದ ಮಕ್ಕಳು ನಗುತ್ತಾರೆ. ನಗಬೇಕಾಗಿಲ್ಲ, ಆ ಪದಗಳ ಮೊದಲ ಅಕ್ಷರ ‘ಪ’ಕಾರವೇ.

ಇನ್ನು ಪದಗಳನ್ನು ಗಂಟು ನೋಡಿ ಕತ್ತರಿಸೋಣ.

1. ಫೋಟೋಸಿಂಥೆಸಿಸ್: ಫೋಟೋ ಎಂದರೆ ಬೆಳಕು, ಸಿನ್ ಎಂದರೆ ಜೊತೆಗೂಡಿ, ಥೆಸಿಸ್ ಎಂದರೆ ಇಡುವುದು. ಈಗ ದ್ಯುತಿ-ಸಂ-ಶ್ಲೇಷಣೆ ಎಂದು ಬಿಡಿಸಿ. ದ್ಯುತಿ ಬೆಳಕು, ಸಂ ಎಂದರೆ ಜೊತೆಗೂಡಿ, ಶ್ಲೇಷಣೆ ಎಂದರೆ ಸೇರಿಸುವುದು. ಗಂಟಿಗೆ ಗಂಟು ಹೊಂದುತ್ತದೆ.

2. ಕ್ಲೋರೋಫಿಲ್ (11 ಅಕ್ಷರ): ಕ್ಲೋರೋ ಹಸಿರು, ಫಿಲ್ ಎಲೆ. ಕನ್ನಡದಲ್ಲಿ ಪತ್ರಹರಿತ್ತು. ಅದೇ ಎರಡು ತುಂಡು, ಹಿಂದುಮುಂದಾಗಿ.

3. ಮೆಟಮಾರ್ಫೋಸಿಸ್ (13): ಮೆಟ ಎಂದರೆ ಬದಲಾವಣೆ, ಮಾರ್ಫ್ ಎಂದರೆ ರೂಪ. ಗೊದಮೊಟ್ಟೆ ಕಪ್ಪೆಯಾಗುವ ಕ್ರಿಯೆ. ನಮ್ಮ ಪದ ರೂಪಾಂತರ.

4. ಹೈಡ್ರೋಫೋಬಿಯಾ (11): ಹೈಡ್ರೋ ನೀರು, ಫೋಬಿಯಾ ಭಯ. ರೇಬಿಸ್ ರೋಗದ ಲಕ್ಷಣ. ರೋಗಿ ನೀರು ಕುಡಿಯಲು ಹೋದರೆ ಗಂಟಲಿನ ಸ್ನಾಯುಗಳು ನೋವಿನಿಂದ ಸೆಟೆದುಕೊಳ್ಳುತ್ತವೆ. ಈ ಹಂತ ಮುಟ್ಟಿದ ಮೇಲೆ ಬದುಕುವುದು ಅತಿ ವಿರಳ. ಆದ್ದರಿಂದ ನಾಯಿ ಕಚ್ಚಿದ ಕೂಡಲೇ ಗಾಯವನ್ನು ಸೋಪು ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿ.

5. ಡಿಫ್ತೀರಿಯಾ (10): ಗ್ರೀಕಿನಲ್ಲಿ ಡಿಫ್ತೆರ ಎಂದರೆ ಚರ್ಮ, ತೊಗಲು. ಈ ರೋಗದಲ್ಲಿ ಗಂಟಲಿನೊಳಗೆ ತೊಗಲಿನಂಥ ಪೊರೆ ಕಟ್ಟುತ್ತದೆ. ನಮ್ಮವರು ಗಂಟಲಮಾರಿ ಎಂದರು.

6. ಆಫ್ತಾಲ್ಮಾಲಜಿಸ್ಟ್ (15): ಆಫ್ತಾಲ್ಮೋಸ್ ಎಂದರೆ ಕಣ್ಣು. ಕಣ್ಣಿನ ತಜ್ಞ ವೈದ್ಯರು. ಇದರಲ್ಲಿಯೂ ಡಿಫ್ತೀರಿಯಾದಲ್ಲಿಯೂ ಪಿ-ಎಚ್ ಆದ ತಕ್ಷಣ ಟಿ-ಎಚ್ ಬರುತ್ತದೆ. ಮೊದಲ ಎಚ್ ಬಿಟ್ಟುಹೋಗದಂತೆ ನೋಡಿಕೊಳ್ಳಿ.

7. ಎಲೆಕ್ಟ್ರೋಎನ್ಸೆಫಲೋಗ್ರಾಫ್ (21): ಎಲೆಕ್ಟ್ರೋ ವಿದ್ಯುತ್ತು, ಎನ್ಸೆಫಲೋ ಎಂದರೆ ತಲೆಯೊಳಗಿನದು, ಅಂದರೆ ಮಿದುಳು. ಗ್ರಾಫ್ ಎಂದರೆ ಬರೆಯುವುದು. ಮೂರ್ಛೆರೋಗದ ತಪಾಸಣೆಯಲ್ಲಿ ವೈದ್ಯರು ಇ.ಇ.ಜಿ. ಮಾಡಿಸಿ ಎನ್ನುತ್ತಾರಲ್ಲ, ಆ ಯಂತ್ರ. ಮನುಷ್ಯನ ಮಿದುಳಿನ ವಿದ್ಯುತ್ ಅಲೆಗಳ ದಾಖಲೆಯನ್ನು ಜರ್ಮನಿಯ ಹ್ಯಾನ್ಸ್ ಬರ್ಗರ್ 1929ರಲ್ಲಿ ಪ್ರಕಟಿಸಿದರು.

ಇಂಥ ಪದಗಳಿಗಾಗಿ ಪರದೇಶಕ್ಕೆ ಹೋಗಬೇಕಿಲ್ಲ. ಕಿರಂಗೂರಿನ ಸುತ್ತ ಕಬ್ಬು, ಭತ್ತ ಬೆಳೆಯುವವರಿಗೆಲ್ಲ ಡಿ.ಎ.ಪಿ. ಗೊಬ್ಬರದ ಚೀಲ ಗೊತ್ತು. ಅದರ ಪೂರ್ಣ ಹೆಸರು ಡೈಅಮೋನಿಯಂ ಫಾಸ್ಫೇಟ್. ಫಾಸ್ಫೇಟ್‌ನಲ್ಲಿ ಪಿ-ಎಚ್ ಎರಡು ಸಲ ಬರುತ್ತದೆ. ಇದರ ಮೂಲ ಫಾಸ್ಫರಸ್, ಅಂದರೆ ‘ಬೆಳಕು ಹೊತ್ತದ್ದು’, ನಮ್ಮ ರಂಜಕ. 1669ರಲ್ಲಿ ಹ್ಯಾಂಬರ್ಗಿನ ಹೆನ್ನಿಗ್ ಬ್ರಾಂಡ್ ಮೂತ್ರವನ್ನು ಕಾಯಿಸಿ ಬತ್ತಿಸಿದಾಗ ಸಿಕ್ಕ ವಸ್ತು ಕತ್ತಲಲ್ಲಿ ಹೊಳೆಯಿತು. ಅದಕ್ಕೇ ಆ ಹೆಸರು.

ಶ್ರೀರಂಗಪಟ್ಟಣದ ಶಾಸನಗಳನ್ನು ಬಿ.ಎಲ್. ರೈಸ್ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 1894ರ ಮೂರನೆಯ ಸಂಪುಟದಲ್ಲಿ ಅಚ್ಚು ಮಾಡಿಸಿದರು. ಎಪಿ ಎಂದರೆ ಮೇಲೆ, ಗ್ರಾಫ್ ಎಂದರೆ ಬರೆಯುವುದು. ಕಲ್ಲಿನ ಮೇಲೆ ಬರೆದದ್ದು ಎಪಿಗ್ರಾಫ್. ಇ.ಇ.ಜಿ. ಯಂತ್ರದಲ್ಲಿರುವ ಗ್ರಾಫೇ ಊರ ದೇವಸ್ಥಾನದ ಶಾಸನದಲ್ಲೂ ಇದೆ!

ಎರಡು ಎಚ್ಚರಿಕೆ. ಶೆಪರ್ಡ್ (ಕುರುಬ), ಅಪ್‌ಹಿಲ್ (ಏರುಮುಖ) ಪದಗಳಲ್ಲಿಯೂ ಪಿ-ಎಚ್ ಅಕ್ಕಪಕ್ಕ ಇವೆ. ಆದರೆ ಅವು ಬೇರೆ ಬೇರೆ ತುಂಡಿಗೆ ಸೇರಿದವು, ಎಫ್ ಉಚ್ಚಾರವಿಲ್ಲ. ಇನ್ನು ಗಂಧಕಕ್ಕೆ ಹೇಳುವ ಸಲ್ಫರ್ ಮೂಲತಃ ಲ್ಯಾಟಿನ್ ಪದ. ಅದಕ್ಕೆ ಪಿ-ಎಚ್ ಸೇರಿದ್ದು ಗ್ರೀಕ್ ಇರಬಹುದೆಂಬ ಭ್ರಮೆಯಿಂದ. ರಸಾಯನಶಾಸ್ತ್ರದ ಅಂತಾರಾಷ್ಟ್ರೀಯ ಸಂಸ್ಥೆ 1990ರಲ್ಲಿ ಎಫ್ ಇರುವ ರೂಪವನ್ನೇ ಒಪ್ಪಿಕೊಂಡಿತು. ಹಳೆಯ ಪುಸ್ತಕಗಳಲ್ಲಿ ಪಿ-ಎಚ್ ಕಂಡರೆ ಗಾಬರಿಯಾಗಬೇಡಿ.

ತಂದೆ-ತಾಯಿಗಳಲ್ಲಿ ಒಂದು ವಿನಂತಿ. ಮಗ ಪಿಯುಸಿ ಸೇರಿದ ಮಾತ್ರಕ್ಕೆ ಅವನ ಹತ್ತನೆಯ ತರಗತಿಯ ಕನ್ನಡ ಪುಸ್ತಕಗಳನ್ನು ರದ್ದಿಗೆ ಹಾಕಬೇಡಿ. ಒಂದು ನೋಟ್‌ಬುಕ್ಕಿನಲ್ಲಿ ಎಡಕ್ಕೆ ಇಂಗ್ಲಿಷ್ ಪದದ ತುಂಡುಗಳು, ಬಲಕ್ಕೆ ಕನ್ನಡದ ತುಂಡುಗಳು, ದಿನಕ್ಕೆ ಐದೇ ಪದ ಬರೆಯಿಸಿ. ನಿಮಗೆ ಇಂಗ್ಲಿಷ್ ಬಾರದಿದ್ದರೂ ಬಲಗಡೆಯದನ್ನು ಓದಿ ಪ್ರಶ್ನೆ ಕೇಳಬಹುದು.

ಈ ವಾರದ ಕೆಲಸ: ಹೈಡ್ರೋಫೈಟ್, ಆಂಫಿಬಿಯನ್, ಫೋಟೋಫೋಬಿಯಾ. ಮೂರನ್ನೂ ತುಂಡರಿಸಿ ಅರ್ಥ ಬರೆಯಿರಿ. ಫೈಟ್ ಎಂದರೆ ಸಸ್ಯ, ಆಂಫಿ ಎಂದರೆ ಎರಡೂ ಕಡೆ, ಬಯೋ ಎಂದರೆ ಜೀವ. ಉಳಿದ ತುಂಡುಗಳೆಲ್ಲ ಮೇಲೆಯೇ ಇವೆ.