ಅಗಸಿ ಹಿಂಡಿ ಮತ್ತು ಅಕ್ಕನ ಗುಟ್ಟು

ಸಿನಿಮಾದ ನಾಯಕಿಗೆ ಕಾಯಿಲೆ ಬಂದರೆ ಹೇಗೆ ಬರುತ್ತೆ, ಹೇಳಿ ನೋಡೋಣ? ಕೆಮ್ಮುತ್ತಾಳೆ, ಬಿಳಿ ಕರ್ಚೀಫಿನ ಮೇಲೆ ಕೆಂಪು ಚುಕ್ಕೆ, ಕೊನೇ ರೀಲಿಗೆ ಕಣ್ಣು ಮುಚ್ಚುತ್ತಾಳೆ! ನಾಯಕನಾದರೆ ಇನ್ನೂ ಸೊಗಸು. 1971ರ ‘ಆನಂದ್’ನಲ್ಲಿ ರಾಜೇಶ್ ಖನ್ನಾ ಕರುಳಿನ ಕ್ಯಾನ್ಸರ್ ಇಟ್ಟುಕೊಂಡು ನಗುನಗುತ್ತಲೇ ಸತ್ತ. ಬಾಲ್ಕನಿಯಿಂದ ಗಾಂಧಿ ಕ್ಲಾಸಿನವರೆಗೆ ಎಲ್ಲರೂ ಕಣ್ಣೊರೆಸಿಕೊಂಡರು. ಆದರೆ ‘ನನ್ನ ಎದೆಯಲ್ಲಿ ಗಂಟು ಇದೆ’ ಅಂತ ಬಾಯಿಬಿಟ್ಟ ನಾಯಕಿಯನ್ನು ನಾನಂತೂ ಕಂಡಿಲ್ಲ.

ತೆರೆಯ ಮೇಲಷ್ಟೇ ಅಲ್ಲ ಸ್ವಾಮಿ, ನಮ್ಮ ಮನೆಗಳಲ್ಲೂ ಇದೇ ಕಥೆ.

ಹೋದ ವರ್ಷ ಸಿಂಧನೂರಿನಲ್ಲಿ ಬಸ್ಸು ಹತ್ತಿ ತುರ್ವಿಹಾಳಕ್ಕೆ, ಅಕ್ಕನ ಮನೆಗೆ ಹೋಗಿದ್ದೆ. ಊಟಕ್ಕೆ ಕೂತರೆ ಬಿಸಿ ಜೋಳದ ರೊಟ್ಟಿ ಇದೆ, ಪುಂಡಿಪಲ್ಯ ಇದೆ, ಅಗಸಿ ಹಿಂಡಿ ಮಾತ್ರ ಇಲ್ಲ! ಅಕ್ಕನ ಮನೆಯಲ್ಲಿ ಹಿಂಡಿ ಇಲ್ಲ ಅಂದರೆ ಟಾಕೀಸಿನಲ್ಲಿ ಪರದೆ ಇಲ್ಲ ಅಂದ ಹಾಗೆ.

“ಯಕ್ಕಾ, ಹಿಂಡಿ ಎಲ್ಲಿ?”

“ಬಿಟ್ಟೀನಿ ತಮ್ಮಾ. ಅಗಸಿಯೊಳಗ ಹೆಣ್ಣಿನ ಹಾರ್ಮೋನ್ ಐತಂತ. ತಿಂದ್ರ ಎದಿಯಾಗ ಗಂಟು ಆಗತೈತಂತ. ಮೊಬೈಲಿನಾಗ ಬಂದೈತಿ.”

ನಾನು ನಕ್ಕೆ. ಅಕ್ಕ ನಗಲಿಲ್ಲ. ರಾತ್ರಿ ಅವಳ ಸೊಸೆ ಮೆಲ್ಲಗೆ ಹೇಳಿದಳು, “ಮಾವಾ, ಅತ್ತಿಗೆ ಗಂಟು ಆಗಿ ಮೂರು ತಿಂಗಳಾತು. ಯಾರಿಗೂ ತೋರ್ಸವಲ್ರು.”

ಎದೆ ಧಸಕ್ಕೆಂದಿತು. ಗಂಟಿಗೆ ಔಷಧಿ ಮಾಡಿದ ಹಾಗೆ ಅಕ್ಕ ಹಿಂಡಿ ಬಿಟ್ಟು ಕೂತಿದ್ದಳು!

ಈಗ ವಿಷಯಕ್ಕೆ ಬರೋಣ. ಮೊಬೈಲಿನವರು ಪೂರ್ತಿ ಸುಳ್ಳು ಹೇಳಿರಲಿಲ್ಲ. ಅಗಸಿಯಲ್ಲಿ ಲಿಗ್ನಾನ್, ಸೋಯಾದಲ್ಲಿ ಐಸೋಫ್ಲೇವೋನ್ ಅಂತ ಇವೆ. ರೂಪದಲ್ಲಿ ಇವು ಹೆಣ್ಣಿನ ಈಸ್ಟ್ರೋಜನ್‌ಗೆ ಹೋಲುತ್ತವೆ. ಕೀಲಿಯೊಳಗೆ ಬೇರೆ ಕೀಲಿಕೈ ತೂರಿಸಿದ ಹಾಗೆ: ಒಳಗೆ ಹೋಗುತ್ತೆ, ಆದರೆ ಅಸಲಿ ಕೀಲಿಕೈಯಂತೆ ತಿರುಗುವುದಿಲ್ಲ. ಕೆಲವು ಕಡೆ ಅಸಲಿಗೆ ಜಾಗವನ್ನೇ ಬಿಡುವುದಿಲ್ಲ.

ಹೆದರಿಕೆ ಹುಟ್ಟಿದ್ದಕ್ಕೂ ಕಾರಣ ಉಂಟು. 1940ರ ದಶಕದಲ್ಲಿ ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಕ್ಲೋವರ್ ಎಂಬ ಮೇವನ್ನೇ ಮೇಯ್ದ ಕುರಿಗಳಿಗೆ ಗಬ್ಬ ನಿಲ್ಲದಾಯಿತು. ಸಸ್ಯದೊಳಗಿನ ಈಸ್ಟ್ರೋಜನ್ನೇ ಅದಕ್ಕೆ ಕಾರಣ. ಆದರೆ ಕುರಿ ದಿನವಿಡೀ ಹೊಟ್ಟೆ ತುಂಬ ಮೇಯುವುದೆಲ್ಲಿ, ನಮ್ಮ ಅಕ್ಕ ರೊಟ್ಟಿಗೆ ಹಚ್ಚಿಕೊಳ್ಳುವ ಎರಡು ಚಮಚ ಹಿಂಡಿಯೆಲ್ಲಿ?

ಮನುಷ್ಯರ ಲೆಕ್ಕ ಬೇರೆಯೇ ಬಂತು. ಚೀನಾದ ಶಾಂಘೈಯಲ್ಲಿ ಸ್ತನ ಕ್ಯಾನ್ಸರಿಗೆ ಚಿಕಿತ್ಸೆ ಪಡೆದ 5,042 ಹೆಂಗಸರನ್ನು ವರ್ಷಗಟ್ಟಲೆ ಗಮನಿಸಿ 2009ರಲ್ಲಿ ವರದಿ ಕೊಟ್ಟರು. ಸೋಯಾ ಹೆಚ್ಚು ತಿನ್ನುತ್ತಿದ್ದವರಲ್ಲಿ ರೋಗ ಮರುಕಳಿಸಿದ್ದೂ ಸಾವೂ ಕಡಿಮೆ. ಕೆನಡಾದ ಟೊರಾಂಟೊದಲ್ಲಿ ಆಪರೇಷನ್‌ಗೆ ಕಾದಿದ್ದ 32 ಹೆಂಗಸರಲ್ಲಿ ಕೆಲವರಿಗೆ ದಿನಕ್ಕೆ 25 ಗ್ರಾಂ ಅಗಸಿ ಹಾಕಿದ ತಿಂಡಿ ಕೊಟ್ಟರು. ಅವರ ಗಂಟಿನ ಜೀವಕೋಶಗಳ ಬೆಳವಣಿಗೆ ನಿಧಾನವಾಯಿತು ಅಂತ 2005ರಲ್ಲಿ ಪ್ರಕಟವಾಯಿತು. ಆದರೆ 32 ಮಂದಿಯ ಪರೀಕ್ಷೆ ನಂಬಿ ಅಗಸಿಯನ್ನೇ ಔಷಧಿ ಮಾಡಿಕೊಂಡು ಕೂರುವುದೂ ತಪ್ಪು. ಮನೆಯ ಊಟ ಬೇರೆ, ಇದೇ ಸತ್ವ ತುಂಬಿದ ಮಾತ್ರೆ ಬೇರೆ. ಡಾಕ್ಟರನ್ನು ಕೇಳದೆ ಮಾತ್ರೆ ಮುಟ್ಟಬೇಡಿ.

ಹಿಂಡಿ ವೈರಿಯೂ ಅಲ್ಲ, ವೈದ್ಯನೂ ಅಲ್ಲ. ನಿಜವಾದ ವೈರಿ ನಾಚಿಕೆ, ಅದು ನುಂಗುವ ದಿನಗಳು. ಸ್ತನದಲ್ಲಿ ಗಂಟು ಇದ್ದು ನೋವಿಲ್ಲ ಅಂತ ಸುಮ್ಮನಿರಬೇಡಿ, ಬಹಳಷ್ಟು ಸಲ ನೋವೇ ಇರುವುದಿಲ್ಲ. ತೊಟ್ಟು ಒಳಕ್ಕೆ ಸೇದಿದರೆ, ರಕ್ತ ಜಿನುಗಿದರೆ, ಚರ್ಮ ಕಿತ್ತಳೆ ಸಿಪ್ಪೆಯಂತಾದರೆ ತಡಮಾಡದೆ ತೋರಿಸಿ. 30 ದಾಟಿದ ಹೆಣ್ಣುಮಕ್ಕಳಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ತಪಾಸಣೆಯ ಕಾರ್ಯಕ್ರಮವೇ ಇದೆ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯ ಘಟಕ ನಮಗೆ ಹತ್ತಿರದ ಕಲಬುರಗಿಯಲ್ಲೂ ಇದೆ.

ಮರುದಿನ ಅಕ್ಕನ ಮುಂದೆ ಕೂತು ಸಿನಿಮಾ ಮಾತು ತೆಗೆದೆ. ಆ ರಾಜೇಶ್ ಖನ್ನಾ ಜೊತೆ ಕುಣಿದ ಮುಮ್ತಾಜ್ ಅವಳಿಗೆ ಬಲು ಇಷ್ಟ. “ಆಕಿಗೂ 2002ರಾಗ ಇದೇ ಆಗಿತ್ತು ಯಕ್ಕಾ. ಮುಚ್ಚಿಡಲಿಲ್ಲ, ಚಿಕಿತ್ಸೆ ತಗೊಂಡಳು, ಚಲೋ ಆದಳು.”

ಅಕ್ಕ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, “ಡಾಕ್ಟರು ಹೆಣ್ಣಮಗಳು ಆದ್ರ ಬರ್ತೀನಿ” ಅಂದಳು.

ಹೋದೆವು. ಕ್ಯಾನ್ಸರೇ ಆಗಿತ್ತು. ಆಪರೇಷನ್ ಆಯಿತು, ಕೂದಲು ಉದುರಿತು, ಮತ್ತೆ ಬಂತು. ಮಾತ್ರೆ ಇನ್ನೂ ನಡೆದಿದೆ. ಮೂರು ತಿಂಗಳು ಮೊದಲೇ ಬಂದಿದ್ದರೆ ಇಷ್ಟು ಕಷ್ಟ ಇರುತ್ತಿತ್ತೋ ಇಲ್ಲವೋ... ಅವಳೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಊಟದ ಬಗ್ಗೆ ಕೇಳಿದ್ದಕ್ಕೆ ಆ ಡಾಕ್ಟರಮ್ಮ, “ಮೊದಲಿನ ಹಾಗೇ ತಿನ್ನಿ, ಹಿಂಡಿನೂ ತಿನ್ನಿ” ಅಂದರು.

ಮೊನ್ನೆ ಹೋದಾಗ ತಟ್ಟೆಯ ಅಂಚಿಗೆ ಹಿಂಡಿ ಬಂದಿತ್ತು. ಖಾರ ಸ್ವಲ್ಪ ಜಾಸ್ತಿ!

ಈ ಪುಟ ಮನೆಯ ಹೆಣ್ಣುಮಕ್ಕಳ ಕೈಗೂ ಕೊಡ್ತೀರಲ್ಲ? ಮುಂದಿನ ವಾರ ಸಿಗೋಣ.