ಹೆಸರಿಗೊಬ್ಬ ಸುರಕ್ಷತಾ ಅಧಿಕಾರಿ ಸಾಲದು



ತೋಟದಲ್ಲಿ ದುಡಿಯುವ ನಮಗೆ ಗಣಿಯ ಮಾತೇಕೆ ಎಂದು ಕೆಲವರು ಕೇಳಬಹುದು. ತೋಟದ ಕೂಲಿ ಸಾಲದೆ ನಮ್ಮ ಲೈನ್ ಮನೆಗಳ ಹುಡುಗರು ಕಲ್ಲು ಕ್ವಾರಿಗೆ ಹೋಗುತ್ತಿದ್ದಾರೆ. ಕಾನೂನಿನ ಕಣ್ಣಿಗೆ ಕ್ವಾರಿಯೂ ಗಣಿಯೇ. ಆದುದರಿಂದ ಇದು ನಮ್ಮ ಮನೆಯ ಮಾತೂ ಹೌದು.

1975ರ ಡಿಸೆಂಬರ್ 27ರಂದು ಧನಬಾದ್ ಬಳಿಯ ಚಾಸನಾಲಾ ಕಲ್ಲಿದ್ದಲು ಗಣಿಗೆ ನೀರು ನುಗ್ಗಿ 370ಕ್ಕೂ ಹೆಚ್ಚು ಕಾರ್ಮಿಕರು ಸತ್ತರು. ಅದು ಮೇಲ್ಭಾಗದ ಹಳೆಯ ಗಣಿಯಲ್ಲಿ ತುಂಬಿ ನಿಂತಿದ್ದ ನೀರು. ಇಂತಹ ಅಪಾಯವನ್ನು ಮೊದಲೇ ಅಳೆದು, 'ಇಲ್ಲಿಗೆ ನಿಲ್ಲಿಸಿ' ಎನ್ನುವವರು ಬೇಕು. ದಿನಕ್ಕಿಷ್ಟು ಟನ್ ತೆಗೆಯಲೇಬೇಕೆಂಬ ಒತ್ತಡ ಹೊತ್ತ ಮ್ಯಾನೇಜರರೊಬ್ಬರಿಗೇ ಈ ಹೊಣೆಯನ್ನೂ ಬಿಟ್ಟರೆ, ಯಾವುದು ಗೆಲ್ಲುತ್ತದೆಂದು ಹೇಳಬೇಕಾಗಿಲ್ಲ.

ಅದಕ್ಕಾಗಿಯೇ ಸುರಕ್ಷತಾ ಅಧಿಕಾರಿ. ಕೆಲಸದ ಜಾಗಕ್ಕೇ ಹೋಗಿ ಕಾರ್ಮಿಕರ ಮಾತು ಕೇಳುವುದು, ಸಣ್ಣ ಅಪಘಾತವನ್ನೂ ವಿಚಾರಿಸುವುದು, ಬರಬಹುದಾದ ಅಪಾಯವನ್ನು ಗುರುತಿಸುವುದು, ಹೊಸಬರಿಗೆ ತಿಳಿವಳಿಕೆ ಕೊಡುವುದು, ಇವು ಅವರ ಕೆಲಸ. ಬಂಡೆಯ ಬಿರುಕು, ಮದ್ದಿನ ಗುಣ ಬಲ್ಲವರು ಮಾತ್ರ ಇದನ್ನು ಮಾಡಬಲ್ಲರು. ರೈಟರ್ ಒಬ್ಬರನ್ನು ಕರೆದು 'ಇಂದಿನಿಂದ ನೀವೇ ಸೇಫ್ಟಿ' ಎಂದರೆ ರಿಜಿಸ್ಟರು ತುಂಬೀತು, ಪ್ರಾಣ ಉಳಿಯದು.

2025ರ ನವೆಂಬರ್ 21ರಿಂದ ಜಾರಿಗೆ ಬಂದ ಔದ್ಯೋಗಿಕ ಸುರಕ್ಷತಾ ಸಂಹಿತೆಯ ಪ್ರಕಾರ, 100 ಅಥವಾ ಹೆಚ್ಚು ಕಾರ್ಮಿಕರಿರುವ ಗಣಿಯಲ್ಲಿ ಅರ್ಹ ಸುರಕ್ಷತಾ ಅಧಿಕಾರಿಯನ್ನು ನೇಮಿಸಲೇಬೇಕು. ಇದನ್ನು ನಾವು ಸ್ವಾಗತಿಸುತ್ತೇವೆ. ಆದರೆ ನಮ್ಮ ಹುಡುಗರು ಹೋಗುವ ಕ್ವಾರಿಗಳಲ್ಲಿ ನೂರು ಜನ ಎಲ್ಲಿದ್ದಾರೆ? ಇಪ್ಪತ್ತು, ಮೂವತ್ತು ಜನ ಇರುವಲ್ಲಿಯೂ ಜಿಲೆಟಿನ್ ಅದೇ ಜಿಲೆಟಿನ್. 2021ರ ಫೆಬ್ರವರಿ 23ರಂದು ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿಯಲ್ಲಿ ಜಿಲೆಟಿನ್ ಕಡ್ಡಿಗಳು ಸಿಡಿದು ಆರು ಜನ ಸತ್ತರು. ಸಾವು ತಲೆ ಎಣಿಸಿ ಬರುವುದಿಲ್ಲ.

ಸಣ್ಣ ಕ್ವಾರಿಯವನಿಗೆ ಅಧಿಕಾರಿಯ ಸಂಬಳ ಭಾರವೆಂಬ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಹಾಗಾದರೆ ಒಂದು ತಾಲೂಕಿನ ಹತ್ತಾರು ಕ್ವಾರಿಗಳು ಸೇರಿ ಒಬ್ಬ ಅರ್ಹರನ್ನು ನೇಮಿಸಲಿ. ಪರವಾನಗಿ ಕೊಡುವಾಗಲೇ ಸರಕಾರ ಈ ಷರತ್ತು ಹಾಕಲಿ. ಅಧಿಕಾರಿಗಳನ್ನು ನೇಮಿಸಬೇಕಾದ ಸ್ಥಳಗಳ ಆ ಪಟ್ಟಿಯಲ್ಲಿ ತೋಟಗಳ ಹೆಸರೇ ಇಲ್ಲವೆಂಬುದನ್ನೂ ನಮ್ಮ ಸಂಘಗಳು ಮರೆಯಬಾರದು. ವಿಷದ ಮದ್ದು ಹೊಡೆಯುವವರೂ ನಮ್ಮವರೇ.

ಕೊನೆಯದಾಗಿ ತಾಯಂದಿರಲ್ಲಿ ಒಂದು ಮಾತು. ಮಗ ಕ್ವಾರಿಗೆ ಹೊರಟಾಗ ಕೂಲಿ ಎಷ್ಟೆಂದು ಕೇಳುತ್ತೀರಿ. ಮದ್ದು ಸಿಡಿಸುವವರು ಲೈಸೆನ್ಸ್ ಇರುವವರೇ, ಸುರಕ್ಷತೆಗೆ ಹೊಣೆ ಯಾರು ಎಂದೂ ಕೇಳಿರಿ. ಅಪಾಯ ಕಂಡರೆ ಮಾಲೀಕರಿಗೂ ಇನ್‌ಸ್ಪೆಕ್ಟರಿಗೂ ತಿಳಿಸುವ ಹಕ್ಕನ್ನು ಅದೇ ಸಂಹಿತೆ ಅವನಿಗೆ ಕೊಟ್ಟಿದೆ. ಒಬ್ಬನೇ ಹೇಳಲು ಹೆದರಿದರೆ ಸಂಘಕ್ಕೆ ಬರಲಿ. ನಾವು ಜೊತೆಗೆ ಹೋಗುತ್ತೇವೆ.