ಕಿಟ್ ಹಂಚಿದಿರಿ, ಫೋಟೊ ಹಾಕಿದಿರಿ. ಕೆಲಸ ಕೇಳಿದವರು ಯಾರು?

2020ರ ಮಾರ್ಚ್ 25ಕ್ಕೆ ಲಾಕ್‌ಡೌನ್ ಶುರುವಾಯಿತು. ಬೆಂಗಳೂರು, ಮುಂಬೈ, ಗೋವಾ ಕಡೆ ದುಡಿಯಲು ಹೋಗಿದ್ದ ರಾಯಚೂರು, ಯಾದಗಿರಿ, ಕಲಬುರಗಿ ಜನ ಗಂಟುಮೂಟೆ ಹೊತ್ತು ಊರು ಸೇರಿದರು. ಊರೂರಲ್ಲೂ ಕಿಟ್ ಹಂಚಿಕೆ ನಡೆಯಿತು. ಒಂದು ಚೀಲ ಅಕ್ಕಿ ಹಿಡಿಯಲು ಹತ್ತು ಕೈ, ಎದುರಿಗೆ ಮೊಬೈಲ್.

ಹಸಿದಾಗ ಅಕ್ಕಿ ಕೊಟ್ಟವರನ್ನು ಹಳಿಯುತ್ತಿಲ್ಲ. ಆದರೆ ಆ ಅಕ್ಕಿ ಎಷ್ಟು ದಿನ ಬಂತು? ಯಾರಿಗೆ ಕೊಡಬೇಕೆಂದು ತೀರ್ಮಾನಿಸಿದವರೂ ಕೊಡುವವರೇ. ಸಿಕ್ಕವರು ಕೈ ಮುಗಿಯಬೇಕು, ಸಿಗದವರು ಸುಮ್ಮನಿರಬೇಕು.

ಅದೇ ಹೊತ್ತಿಗೆ ನಮ್ಮ ಕೈಯಲ್ಲಿ ಒಂದು ಹಕ್ಕಿತ್ತು: 2005ರ ಉದ್ಯೋಗ ಖಾತ್ರಿ ಕಾಯ್ದೆ. ಏಪ್ರಿಲ್ 20ರ ನಂತರ ಕೆಲಸ ನಡೆಸಲು ಅನುಮತಿಯೂ ಇತ್ತು. ನಮೂನೆ 6ರಲ್ಲಿ ಅರ್ಜಿ ಕೊಟ್ಟರೆ 15 ದಿನದೊಳಗೆ ಕೆಲಸ ಕೊಡಬೇಕಿತ್ತು. ಕೊಡದಿದ್ದರೆ ನಿರುದ್ಯೋಗ ಭತ್ಯೆ: ಮೊದಲ 30 ದಿನ ಕೂಲಿಯ ಕಾಲು ಭಾಗ, ಆಮೇಲೆ ಅರ್ಧ. ಆಗ ನಮ್ಮ ರಾಜ್ಯದ ದಿನಗೂಲಿ 275 ರೂಪಾಯಿ. ಒಂದು ಮನೆಗೆ 100 ದಿನಕ್ಕೆ 27,500. ಯಾವ ದಾನಿ ಒಂದು ಮನೆಗೆ ಇಷ್ಟು ಕೊಟ್ಟ?

ಒಬ್ಬರೇ ಪಂಚಾಯಿತಿಗೆ ಹೋದರೆ "ಮುಂದಿನ ವಾರ ಬಾ" ಎನ್ನುತ್ತಾರೆ. ಅರ್ಜಿ ತೆಗೆದುಕೊಂಡರೂ ದಿನಾಂಕ ಹಾಕಿದ ರಸೀದಿ ಕೊಡುವುದಿಲ್ಲ. ರಸೀದಿ ಇಲ್ಲದಿದ್ದರೆ 15 ದಿನದ ಲೆಕ್ಕ ಶುರುವಾಗುವುದೇ ಇಲ್ಲ, ಭತ್ಯೆಯೂ ಇಲ್ಲ. ಆಟ ಇರುವುದೇ ಅಲ್ಲಿ.

ಐವತ್ತು ಜನ ಒಟ್ಟಿಗೆ ಹೋದರೆ ಮಾತೇ ಬೇರೆ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಗ್ರಾಮೀಣ ಕೂಲಿ ಕಾರ್ಮಿಕರ ಸಂಘಟನೆ, ನಮ್ಮ ಗ್ರಾಕೂಸ್, ಕಲಿಸಿದ ಪಾಠ ಇದೇ. ಓಣಿಗೊಬ್ಬರು ಓದುಬರಹ ಬಲ್ಲವರು ಕಟ್ಟೆ ಮೇಲೆ ಕೂತು ಅರ್ಜಿ ತುಂಬಲಿ. ಜಾಬ್ ಕಾರ್ಡ್ ಇಲ್ಲದವರ ಪಟ್ಟಿ ಮಾಡಲಿ. ಕೆರೆ ಹೂಳೋ, ಬದುವೋ, ಕೃಷಿ ಹೊಂಡವೋ, ಏನು ಕೆಲಸ ಬೇಕೆಂದು ಊರೇ ಹೇಳಲಿ. ರಸೀದಿ ಕೈಗೆ ಬರುವವರೆಗೆ ಯಾರೂ ಏಳಬಾರದು.

ಹಾಗಾದರೆ ಕಿಟ್ ಬೇಡವೇ? ಬೇಕು, ಕೆಲಸ ಸಿಗುವವರೆಗಿನ ಆ 15 ದಿನಕ್ಕೆ. ಅದೂ ಊರಿನ ಪಟ್ಟಿಯಂತೆ. ದುಡಿಯಲಾಗದ ಮುದುಕರು, ಬಾಣಂತಿಯರು, ಅಂಗವಿಕಲರು ಮೊದಲು.

"ಇದು ರಾಜಕೀಯ" ಎನ್ನುವವರಿದ್ದಾರೆ. ಅಕ್ಕಿ ಚೀಲದ ಮೇಲೆ ಮುಖ ಅಚ್ಚು ಹಾಕಿಸಿದ್ದು ಮತ್ತೇನು?

ಯೋಜನೆಯ ಹೆಸರು ಬದಲಾಗಲಿ, ದಿನಗಳು ಹೆಚ್ಚುಕಡಿಮೆಯಾಗಲಿ, ಒಟ್ಟಾಗಿ ಹೋಗಿ ಕೇಳುವ ರೂಢಿ ಬಿಡಬೇಡಿ. ಮುಂದಿನ ಸಲ ಊರಿಗೆ ಕಿಟ್ ಗಾಡಿ ಬಂದರೆ ಚೀಲ ಇಳಿಸಿಕೊಳ್ಳಿ. ಆಮೇಲೆ ಬಂದವರನ್ನೂ ಕರೆದುಕೊಂಡು ಪಂಚಾಯಿತಿಗೆ ನಡೆಯಿರಿ. ಫೋಟೊ ಅಲ್ಲಿ ತೆಗೆಯಲಿ.